ಚಿಕ್ಕಮಗಳೂರಿನ ಕಾಫಿ ಸೀಮೆಗೆ ಹೊರಟರೆ

ತೋಟದ ಕೆಲಸ ಕಣ್ಣಾರೆ ನೋಡಬೇಕೆಂದರೆ ಕುಯ್ಲಿನ ಕಾಲಕ್ಕೇ ಬನ್ನಿ. ಕಾಫಿಯ ಎರಡು ಜಾತಿಗಳಲ್ಲಿ ಅರೇಬಿಕಾ ನವೆಂಬರ್‌ನಿಂದ ಜನವರಿ, ರೊಬಸ್ಟಾ ಅದರ ಬೆನ್ನಿಗೆ ಮಾರ್ಚ್‌ವರೆಗೆ. ಹೂ ನೋಡುವ ಆಸೆಯಿದ್ದರೆ ಮಾರ್ಚ್–ಏಪ್ರಿಲ್‌ನ ಮೊದಲ ಮಳೆ ಬಿದ್ದ ಎಂಟು-ಹತ್ತು ದಿನಕ್ಕೆ. ಹೂ ಉಳಿಯುವುದು ಎರಡು-ಮೂರು ದಿನ ಅಷ್ಟೇ. ಮಳೆಗಾಲದಲ್ಲಿ ಇಂಬಳದ ಕಾಟ.

ತೋಟಕ್ಕೆ ಮಾಲೀಕರನ್ನು ಕೇಳದೆ ಕಾಲಿಡಬೇಡಿ. ಬೆಳಿಗ್ಗೆ ಕುಯ್ಲು, ಸಂಜೆ ಪಲ್ಪಿಂಗ್ (ಯಂತ್ರದಲ್ಲಿ ಹಣ್ಣಿನ ಸಿಪ್ಪೆ ಬಿಡಿಸುವುದು) ನೋಡಿ. ಕೆಂಪು ಹಣ್ಣನ್ನಷ್ಟೇ ಏಕೆ ಕೀಳುತ್ತಾರೆಂದು ಕೇಳಿ: ಹಸಿರು ಕಾಯಿ ಬೆರೆತರೆ ಕಾಫಿ ಒಗರಾಗುತ್ತದೆ. ಕಣದಲ್ಲಿ ಒಣಗುವ ಬೀಜದ ಮೇಲೆ ಕಾಲಿಡುವುದು ದೊಡ್ಡ ತಪ್ಪು.

ಮುಳ್ಳಯ್ಯನಗಿರಿಗೆ (ಸುಮಾರು 1,930 ಮೀಟರ್) ಬೆಳಗ್ಗೆಯೇ ಹತ್ತಿ. ವಾರಾಂತ್ಯದಲ್ಲಿ ಕಿರಿದಾದ ಘಾಟಿಯಲ್ಲಿ ವಾಹನ ಸಿಕ್ಕಿಹಾಕಿಕೊಳ್ಳುತ್ತವೆ.

ಊಟಕ್ಕೆ ಹೋಂಸ್ಟೇಯೇ ಮೇಲು. ಹಿಂದಿನ ದಿನವೇ ಹೇಳಿದರೆ ಕಡುಬು, ಕೋಳಿ ಸಾರು, ಅಕ್ಕಿರೊಟ್ಟಿ, ಮಳೆಗಾಲವಾದರೆ ಕಳಲೆ ಪಲ್ಯ ಸಿಗುತ್ತದೆ. ಪೇಟೆಯಲ್ಲಿ ಟೌನ್ ಕ್ಯಾಂಟೀನ್‌ನ ಮಸಾಲೆ ದೋಸೆ ಬಿಡಬೇಡಿ.

ಕಾಫಿ ಪುಡಿ ಕೊಳ್ಳುವಾಗ ಚಿಕೋರಿ (ಕಾಫಿಗೆ ಬೆರೆಸುವ ಹುರಿದ ಬೇರಿನ ಪುಡಿ) ಎಷ್ಟೆಂದು ಕೇಳಿ. ಫಿಲ್ಟರ್‌ಗೆ 80 ಪಾಲು ಕಾಫಿ, 20 ಪಾಲು ಚಿಕೋರಿ ಹದವಾಗಿರುತ್ತದೆ. 250 ಗ್ರಾಂಗಿಂತ ಹೆಚ್ಚು ಬೇಡ, ಪುಡಿಯ ಘಮ ಬೇಗ ಹಾರಿಹೋಗುತ್ತದೆ.