ಮೊದ್ಲು ಕಟ್ಟೆ ಕಟ್ಟಿ, ಕಲಾಕೃತಿ ಆಮೇಲೆ

ನಮ್ಮ ಕುಮಟಾ ಕಡೆ ಒಂದು ಸರ್ಕಲ್‌ನಲ್ಲಿ ಸಿಮೆಂಟಿನ ದೊಡ್ಡ ಮೀನು ಮಾಡಿ ಇಟ್ರು, ಸುತ್ತ ಕಬ್ಬಿಣದ ಬೇಲಿ, ಬೇಲಿಗೆ ಬೀಗ. ಉದ್ಘಾಟನೆ ದಿನ ಬಿಟ್ರೆ ಅಲ್ಲಿ ಯಾರೂ ನಿಂತಿದ್ದು ನೋಡಿಲ್ಲ, ಎದುರಿನ ಅಶ್ವತ್ಥಕಟ್ಟೇಲಿ ಮಾತ್ರ ಬೆಳಗಾದ್ರೆ ನಾಲ್ಕು ಜನ ಪೇಪರ್ ಹಿಡ್ಕೊಂಡು ಇದ್ದೇ ಇರ್ತಾರೆ. ಆ ಮೀನಿಗೆ ನಾನೂ ವಂತಿಗೆ ಕೊಟ್ಟಿದ್ದೆ, ಊರಲ್ಲಿ ಕಲಾಕೃತಿ ಇಡೋದಾದ್ರೆ ಜನ ಕೂರೋ ಕಟ್ಟೆ ಮೊದ್ಲು ಅನ್ನೋ ಬುದ್ಧಿ ಅದಕ್ಕೇ ಬಂದಿದ್ದು.

ಜಾಗ ಹುಡುಕೋದು ಸುಲಭ, ಒಂದು ವಾರ ಸಂಜೆ ಸುಮ್ನೆ ನೋಡಿ, ಜನ ಈಗಾಗ್ಲೇ ಎಲ್ಲಿ ನಿಲ್ತಾರೆ, ಬಸ್ಸಿಗೆ ಕಾಯೋದೆಲ್ಲಿ, ಚಾ ಅಂಗಡಿ ಎಲ್ಲಿದೆ. ಕಾರವಾರದ ಟಾಗೋರ್ ಬೀಚಲ್ಲಿ ಐಎನ್‌ಎಸ್ ಚಪಲ್ ಯುದ್ಧನೌಕೆ ಇಟ್ಟಿದಾರಲ್ಲ, ಸಂಜೆ ಗಾಳಿಗೆ ಅಂತ ಬಂದವ್ರು ಹಾಗೇ ಅದನ್ನೂ ನೋಡ್ತಾರೆ. ಅದೇ ಹಡಗನ್ನ ಊರ ಹೊರಗಿಟ್ಟಿದ್ರೆ ಯಾರು ಹೋಗ್ತಿದ್ರು ಮಾರಾಯ್ರೆ?

ಪರ್ಮಿಷನ್ ವಿಷ್ಯ. ಜಾಗ ಯಾರದ್ದು ಅಂತ ಪಂಚಾಯ್ತಿಲೋ ನಗರಸಭೆಲೋ ಕೇಳಿ ಕಾಗದದ ಮೇಲೆ ಬರೆಸ್ಕೊಳ್ಳಿ, ಬಾಯಿಮಾತು ಸಾಲಲ್ಲ. ಸಮುದ್ರದ ಭರತ ರೇಖೆ, ಅಂದ್ರೆ ಉಬ್ಬರದ ನೀರು ಬಂದು ಮುಟ್ಟೋ ಗೆರೆ, ಅದರಿಂದ 500 ಮೀಟರ್ ಒಳಗಾದ್ರೆ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ನಿಯಮ ಬರತ್ತೆ, ಕಲ್ಲು ತರೋಕೆ ಮೊದ್ಲೇ ವಿಚಾರಿಸಿ.

ಈಗ ಕಟ್ಟೆ. ನಮ್ಮ ಕೆಂಪು ಚಿರೇಕಲ್ಲೇ (ಜಂಬಿಟ್ಟಿಗೆ) ಸಾಕು. ಎತ್ತರ ಒಂದೂವರೆ ಅಡಿ, ಅಗಲ ಎರಡೂವರೆ ಅಡಿ ಇರ್ಲಿ, ಅಜ್ಜಂದ್ರು ಕಾಲು ಮೇಲಿಟ್ಟು ಚಕ್ಕಳಮಕ್ಕಳ ಹಾಕಿ ಕೂರ್ಬೇಕು. ಮೇಲ್ಭಾಗ ಸ್ವಲ್ಪ ಮುಂದಕ್ಕೆ ಇಳಿಜಾರು ಕೊಡಿ, ಇಲ್ದಿದ್ರೆ ಜೂನ್ ತಿಂಗಳಲ್ಲಿ ನೀರು ನಿಂತು ಪಾಚಿ ಕಟ್ಟತ್ತೆ. ಇನ್ನೊಂದು, ನಮ್ಮಲ್ಲಿ ಸಮುದ್ರ ಪಶ್ಚಿಮಕ್ಕೆ, ನಾಲ್ಕು ಗಂಟೆ ಬಿಸಿಲು ಸೀದಾ ಮುಖಕ್ಕೇ ಹೊಡ್ಯತ್ತೆ. ಅದಕ್ಕೆ ಕಟ್ಟೆಯ ಪಶ್ಚಿಮದ ಬದಿಗೆ ಗೋಡೆ ಎಬ್ಬಿಸಿ, ಮಧ್ಯಾಹ್ನ ಆದ್ಮೇಲೆ ಅದರ ನೆರಳು ಕೂತವ್ರ ಮೇಲೇ ಬೀಳತ್ತೆ, ಮಳೆ ಇರಚಲೂ ತಪ್ಪತ್ತೆ.

ಚಿತ್ರ ಆ ಗೋಡೆಯ ಪೂರ್ವದ ಮುಖಕ್ಕೆ, ಅದೂ ನೆಲದಿಂದ ಐದಡಿ ಮೇಲೆ. ಯಾಕಂದ್ರೆ ಕೂತವ್ರು ಒರಗೇ ಒರಗ್ತಾರೆ, ಕೆಳಗೆ ಬಿಡಿಸಿದ್ರೆ ಎರಡು ತಿಂಗಳಿಗೆ ತಲೆ ಎಣ್ಣೆ ಕಲೆ. ಮೇಲೆ ಹಂಚಿನ ಸಣ್ಣ ಮಾಡು ಇಳಿಸಿ. ಪೇಂಟ್ ಬದ್ಲು ಕಾವಿ ಕಲೆ ಮಾಡ್ಸಿ ಅನ್ನೋದು ನನ್ನ ಹಠ, ನಮ್ಮ ಕರಾವಳಿ ದೇವಸ್ಥಾನದ ಗೋಡೆ ಮೇಲೆ ನೋಡಿರ್ತೀರಲ್ಲ, ಬಿಳಿ ಮೇಲೆ ಕೆಂಪು. ಚಿಪ್ಪಿನ ಸುಣ್ಣ, ಮರಳು, ಬೆಲ್ಲದ ನೀರು ಸೇರಿಸಿ ಕೊಳೆಸಿ ಕುಟ್ಟಿದ ಗಾರೆ ಮೊದ್ಲು, ಅದರ ಮೇಲೆ ಕೆಮ್ಮಣ್ಣಿನ ತೆಳು ಪದರ, ಅದು ಹಸಿ ಇರುವಾಗ್ಲೇ ಕೈವಾರ, ಸೂಜಿಲಿ ಕೆರೆದ್ರೆ ಒಳಗಿನ ಬಿಳಿ ಕಾಣತ್ತೆ. ಒಣಗಿದ್ರೆ ಅಂಚು ಕಿತ್ತು ಬರತ್ತೆ, ಹಾಗಾಗಿ ಆ ದಿನ ಮುಗಿಸೋವಷ್ಟೇ ಗೋಡೆಗೆ ಕೆಂಪು ಬಳೀಬೇಕು. ಗೊತ್ತಿರೋ ಕಲಾವಿದ್ರನ್ನೇ ಕರೆಸಿ, ಆದ್ರೆ ಒಂದು ಮೂಲೆ ಶಾಲೆ ಮಕ್ಕಳಿಗೆ ಬಿಡಿ, ತಾನು ಕೆರೆದ ಏಡಿ ತೋರ್ಸೋಕೆ ಮಗು ಮನೆಯವ್ರನ್ನೆಲ್ಲ ಎಳ್ಕೊಂಡು ಬರತ್ತೆ. ದೀಪಾವಳಿ ಆದ್ಮೇಲೆ ಶುರು ಮಾಡಿದ್ರೆ ಮಳೆಗಾಲದೊಳಗೆ ಸುಣ್ಣ ಗಟ್ಟಿಯಾಗತ್ತೆ.

ಕಬ್ಬಿಣ ಎಲ್ಲೂ ಬೇಡ, ಉಪ್ಪು ಗಾಳಿಗೆ ಎರಡು ಮಳೆಗಾಲದಲ್ಲಿ ಪೊರೆ ಏಳತ್ತೆ. ಘಟ್ಟದ ಮೇಲೆ ಶಿರಸಿ ಕಡೆಯವ್ರಿಗೆ ಉಪ್ಪಿನ ಕಾಟ ಇಲ್ಲ, ಪಾಚಿದು ಜಾಸ್ತಿ.

ಕಟ್ಟೆ ಎದುರಿಗೆ ಜಾಗ ಖಾಲಿ ಬಿಡಿ, ಕಾರಂಜಿ ಗೀರಂಜಿ ಹಾಕ್ಬೇಡಿ, ನಾಳೆ ಬಯಲಾಟದ ರಂಗಸ್ಥಳ ಹಾಕೋಕೆ ಬೇಕು. ಲೈಟಿನ ಸ್ವಿಚ್ ಮಾತ್ರ ಪಕ್ಕದ ಚಾ ಅಂಗಡಿಯವ್ರ ಕೈಲಿರ್ಲಿ, ಕಮಿಟಿ ಕೈಗೆ ಕೊಟ್ರೆ ಹಗಲೂ ಉರೀತಾ ಇರತ್ತೆ.