ಬುಲಿಯನ್ ಗುಲಾಬಿ: ಸೂಜಿ ಸಿಕ್ಕಿಕೊಳ್ಳದಂತೆ ಸುತ್ತುವುದು ಹೇಗೆ?

ಜೂನ್‌ನಲ್ಲಿ ಮಳೆ ಹಿಡಿದು ತೋಟದ ಕೆಲಸ ನಿಂತಾಗ ಕಸೂತಿ ರಿಂಗ್ ಹಿಡಿದು ಕೂತವರಲ್ಲಿ ಬಹಳ ಮಂದಿಗೆ ಬುಲಿಯನ್ ಗುಲಾಬಿಯ ಮೇಲೇ ಆಸೆ. ದಾರವನ್ನು ಸೂಜಿಗೆ ಸುತ್ತಿ, ಆ ಸುರುಳಿಗಳನ್ನೇ ಎಸಳಾಗಿ ಜೋಡಿಸಿದ ಉಬ್ಬು ಹೂವು ಅದು. ಹತ್ತು ಸುತ್ತು ಸುತ್ತಿ ಸೂಜಿ ಎಳೆದರೆ ಅರ್ಧದಲ್ಲೇ ಸಿಕ್ಕಿಕೊಳ್ಳುತ್ತದೆ. ಜಗ್ಗಿದರೆ ಗಂಟು, ಆಮೇಲೆ ಕತ್ತರಿ. ಹೆಚ್ಚಿನ ಸಲ ಇಲ್ಲಿ ತಪ್ಪು ಕೈಯದ್ದಲ್ಲ, ಸೂಜಿಯದ್ದು.

ಮಾಮೂಲಿ ಎಂಬ್ರಾಯ್ಡರಿ ಸೂಜಿಯ ಕಣ್ಣು ಉಬ್ಬಿರುತ್ತದೆ; ಸುತ್ತುಗಳು ಆ ಉಬ್ಬನ್ನು ದಾಟುವುದಿಲ್ಲ. ಬುಲಿಯನ್‌ಗೆ ಬೇಕಾದದ್ದು ಮಿಲಿನರ್ಸ್ ಸೂಜಿ. ಅದು ಉದ್ದ, ತುದಿಯಿಂದ ಕಣ್ಣಿನವರೆಗೂ ಹೆಚ್ಚುಕಡಿಮೆ ಒಂದೇ ದಪ್ಪ. ಅಂಗಡಿಯಲ್ಲಿ ಹೆಸರು ಹೇಳಿಯೇ ಕೇಳಿ. ಗುರುತು ಸಿಗದಿದ್ದರೆ ಎರಡು ಬೆರಳ ನಡುವೆ ಸೂಜಿಯನ್ನು ಜಾರಿಸಿ ನೋಡಿ, ಕಣ್ಣಿನ ಬಳಿ ಬೆರಳಿಗೆ ಗುಬಟು ತಾಗಿದರೆ ಅದು ಬೇಡ. ನಂಬರ್ ಹೆಚ್ಚಾದಷ್ಟೂ ಸೂಜಿ ಸಣ್ಣದು: 2 ಎಳೆಗೆ 7ನೇ ನಂಬರ್, 3 ಎಳೆಗೆ 5 ಸರಿಹೋಗುತ್ತದೆ.

ಆರೆಳೆಯ ಹತ್ತಿ ದಾರವನ್ನು ಒಂದು ಮೊಳ, ಅಂದರೆ ಸುಮಾರು 18 ಇಂಚು ಕತ್ತರಿಸಿ. ಎಳೆಗಳನ್ನು ಒಂದೊಂದಾಗಿ ಬಿಡಿಸಿ, ಬೇಕಾದಷ್ಟನ್ನು ಮತ್ತೆ ಜೋಡಿಸಿ. ಹೊಳಪು ಕಂಡು ಅಗ್ಗದ ರೇಯಾನ್ ದಾರ ಕೊಳ್ಳಬೇಡಿ. ಅದು ಜಾರುತ್ತದೆ, ಒರಟು ಬೆರಳಿಗೆಲ್ಲ ಸಿಕ್ಕಿ ನೂಲೇಳುತ್ತದೆ. ಕೆಂಪು ದಾರವಾದರೆ ತುಂಡೊಂದನ್ನು ಒದ್ದೆ ಮಾಡಿ ಬಿಳಿ ಬಟ್ಟೆಗೆ ಒತ್ತಿ ನೋಡಿ; ಬಣ್ಣ ಬಿಟ್ಟರೆ ರವಿಕೆಗೆ ಬಳಸಲೇಬೇಡಿ.

ರಿಂಗ್‌ನಲ್ಲಿ ಬಟ್ಟೆ ಚೆಂಡೆಯಂತೆ ಬಿಗಿಯಾಗಿರಬೇಕು ಎಂಬ ಪಾಠ ಒತ್ತೊತ್ತಾಗಿ ದಾರ ತುಂಬುವ ಸ್ಯಾಟಿನ್ ಹೊಲಿಗೆಗೆ ಸರಿ, ಇಲ್ಲಿಗಲ್ಲ. ಸೂಜಿ ಒಂದೇ ಏಟಿಗೆ ಒಳಹೋಗಿ ಹೊರಬರಬೇಕಾದ್ದರಿಂದ ಸ್ಕ್ರೂ ತುಸು ಸಡಿಲಿಸಿ.

ಈಗ ಸುತ್ತುವ ಕೆಲಸ. ದಾರವನ್ನು ಒಂದು ಬಿಂದುವಿನಲ್ಲಿ ಮೇಲೆ ತನ್ನಿ. ಅಲ್ಲಿಂದ 5 ಮಿ.ಮೀ. ದೂರದಲ್ಲಿ ಸೂಜಿ ಚುಚ್ಚಿ, ಅದರ ತುದಿಯನ್ನು ಮೊದಲ ಬಿಂದುವಿನಲ್ಲೇ ಹೊರತೆಗೆಯಿರಿ. ಸೂಜಿಯನ್ನು ಪೂರ್ತಿ ಎಳೆಯಬೇಡಿ, ಅರ್ಧಕ್ಕಿಂತ ಹೆಚ್ಚು ಹೊರಗಿದ್ದರೆ ಸಾಕು. ದಾರವನ್ನು ತುದಿಯ ಸುತ್ತ ಪಕ್ಕಪಕ್ಕಕ್ಕೆ ಸುತ್ತಿ. ಒಂದರ ಮೇಲೊಂದು ಹತ್ತಬಾರದು, ಸೂಜಿಯನ್ನು ಹಿಸುಕಲೂಬಾರದು. ಉಗುರಿನಿಂದ ತಳ್ಳಿದರೆ ಸುತ್ತುಗಳು ಸಲೀಸಾಗಿ ಜರುಗುವಷ್ಟು ಸಡಿಲವಿರಲಿ. ಸುತ್ತುತ್ತಿದ್ದಂತೆ ದಾರದ ಹುರಿ ಬಿಚ್ಚಿಕೊಂಡರೆ ದಿಕ್ಕು ಬದಲಿಸಿ. ಎಷ್ಟು ಸುತ್ತು ಎಂದು ಎಣಿಸುವುದಕ್ಕಿಂತ ಅಳೆಯುವುದು ಮೇಲು: ಸುತ್ತಿನ ಸಾಲು ಆ 5 ಮಿ.ಮೀ. ಅಂತರದಷ್ಟೇ ಇದ್ದರೆ ನೇರ ಕಡ್ಡಿ, ಎರಡು ಮೂರು ಸುತ್ತು ಹೆಚ್ಚಾದರೆ ಬಾಗಿದ ಎಸಳು.

ಎಳೆಯುವಾಗ ಎಡಗೈಯ ಹೆಬ್ಬೆರಳು, ತೋರುಬೆರಳುಗಳಿಂದ ಸುತ್ತುಗಳನ್ನು ಮೆಲ್ಲಗೆ ಹಿಡಿದಿರಬೇಕು. ಬಿಟ್ಟರೆ ಸುರುಳಿ ಚದುರುತ್ತದೆ, ಅದುಮಿದರೆ ಸೂಜಿ ಕದಲುವುದಿಲ್ಲ. ಸಿಕ್ಕಿಕೊಂಡಿತೋ, ಜಗ್ಗಬೇಡಿ, ಸೂಜಿಯನ್ನು ಸುತ್ತಿದ ದಿಕ್ಕಿಗೆ ವಿರುದ್ಧವಾಗಿ ತುಸು ತಿರುಗಿಸಿ ಎಳೆಯಿರಿ. ಸೂಜಿ ಹೊರಬಂದ ಮೇಲೆ ದಾರವನ್ನು ಎರಡನೇ ಬಿಂದುವಿನ ಕಡೆಗೆ ಎಳೆದರೆ ಸುರುಳಿ ಮಗುಚಿ ಮಲಗುತ್ತದೆ. ಸೂಜಿಯ ಮೈಯಿಂದ ಸುತ್ತುಗಳನ್ನು ಸವರಿ ಸಮ ಮಾಡಿ, ಸೂಜಿಯನ್ನು ಆ ಎರಡನೇ ಬಿಂದುವಿನಲ್ಲೇ ಕೆಳಗಿಳಿಸಿ.

ಗುಲಾಬಿಗೆ ನಡುವೆ ಗಾಢ ಬಣ್ಣದ ಎರಡು ಕಡ್ಡಿ, ಸುತ್ತ ಮೂರು ಎಸಳು, ಹೊರಗೆ ತೆಳು ಬಣ್ಣದ ಐದಾರು. ಪ್ರತಿ ಎಸಳೂ ಹಿಂದಿನದರ ಅರ್ಧದಿಂದ ಶುರುವಾಗಲಿ. ಕೊಡವ ಶೈಲಿಯಲ್ಲಿ ಸೀರೆ ಉಡುವವರ ರವಿಕೆಯಾದರೆ ಬಲಭುಜಕ್ಕೆ ಗುಲಾಬಿ ಹಾಕಬೇಡಿ. ಸೆರಗಿನ ಕೊನೆ ಸಿಕ್ಕಿಸುವುದು ಅಲ್ಲೇ, ಉಬ್ಬು ಹೊಲಿಗೆ ಒಂದೇ ಮದುವೆಗೆ ಚಪ್ಪಟೆಯಾಗುತ್ತದೆ. ತೋಳಿನ ಅಂಚು ವಾಸಿ.

ಇನ್ನು ಕೈ. ಕಾಫಿ ಕೊಯ್ದ ಬೆರಳ ತುದಿ ಒರಟಾಗಿ ದಾರ ಹಿಡಿಯುತ್ತದೆ. ಒಂದು ಚಮಚ ಸಕ್ಕರೆಗೆ ಅರ್ಧ ಚಮಚ ತೆಂಗಿನೆಣ್ಣೆ ಬೆರೆಸಿ ಉಜ್ಜಿ, ಸೋಪಿನಲ್ಲಿ ತೊಳೆಯಿರಿ. ಕ್ರೀಮ್, ಎಣ್ಣೆ ಏನಿದ್ದರೂ ರಾತ್ರಿ ಮಲಗುವಾಗ. ಹೊಲಿಯುವ ಮುಂಚೆ ಹಚ್ಚಿದರೆ ಬಟ್ಟೆಗೆ ಜಿಡ್ಡಿನ ಕಲೆ. ರಿಂಗನ್ನು ಕೈಯಲ್ಲೇ ಬಿಗಿಹಿಡಿದು ಕೂರುವುದರಿಂದ ಹೆಬ್ಬೆರಳ ಬುಡ ನೋಯುತ್ತದೆ. ಮೇಜಿನ ಅಂಚಿಗೆ ಆನಿಸಿಕೊಳ್ಳಿ, ಇಪ್ಪತ್ತು ನಿಮಿಷಕ್ಕೊಮ್ಮೆ ಬೆರಳು ಅಗಲಿಸಿ ಬಿಡಿ. ಹೆಬ್ಬೆರಳು, ತೋರುಬೆರಳು, ನಡುಬೆರಳು ರಾತ್ರಿ ಜೋಮು ಹಿಡಿಯುತ್ತಿದ್ದರೆ ಎಣ್ಣೆ ತಿಕ್ಕುತ್ತ ಕೂರದೆ ವೈದ್ಯರಿಗೆ ತೋರಿಸಿ. ಸೂಜಿ ಚುಚ್ಚಿ ಬಟ್ಟೆಗೆ ರಕ್ತ ತಾಗಿದರೆ ಕೂಡಲೇ ತಣ್ಣೀರು. ಬಿಸಿನೀರು ಹಾಕಿದರೆ ಕಲೆ ಕೂತುಬಿಡುತ್ತದೆ.

ಮಳೆಗಾಲದಲ್ಲಿ ಕೆಲಸ ನಿಲ್ಲಿಸಿದೊಡನೆ ಸೂಜಿಯನ್ನು ಬಟ್ಟೆಯಿಂದ ತೆಗೆಯಿರಿ, ರಾತ್ರಿ ಕಳೆಯುವುದರೊಳಗೆ ತುಕ್ಕಿನ ಚುಕ್ಕೆ ಬೀಳಬಹುದು. ರಿಂಗನ್ನೂ ಬಿಚ್ಚಿಡಿ, ಇಲ್ಲದಿದ್ದರೆ ಅದರ ಗೆರೆಯಲ್ಲೇ ಬೂಷ್ಟು ಹಿಡಿಯುತ್ತದೆ. ಇಸ್ತ್ರಿ ಮಾಡುವಾಗ ದಪ್ಪ ಟವೆಲ್ ಮೇಲೆ ಹೂವನ್ನು ಮುಖ ಕೆಳಗಾಗಿ ಹಾಸಿ, ಹಿಂಬದಿಯಿಂದಷ್ಟೇ ಒತ್ತಿ.