ಬೋರ್ಡೋ ಸರಿಯಾಗಿದ್ಯಾ ಅಂತ ನಾನು ಕುಡುಗೋಲಲ್ಲಿ ನೋಡೋದು

ನಮ್ದು ಚನ್ನಗಿರಿ ಕಡೆ ಎರಡೆಕರೆ ಅಡಿಕೆ. ಮಳೆ ಹಿಡಿಯೋಕ್ಕೆ ಮುಂಚೆ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೀಲೇಬೇಕು, ಲೆಕ್ಕ ಎಲ್ರಿಗೂ ಗೊತ್ತಿರೋದೇ, 1 ಕೆಜಿ ಮೈಲುತುತ್ತ (ಕಾಪರ್ ಸಲ್ಫೇಟ್), 1 ಕೆಜಿ ಸುಣ್ಣ, 100 ಲೀಟರ್ ನೀರು.

ಮೊದಲನೇ ವರ್ಷ ಪ್ಲಾಸ್ಟಿಕ್ ಡ್ರಮ್ಮನ್ನ ಪಕ್ಕದ ತೋಟದವ್ರು ಒಯ್ದಿದ್ರು ಅಂತ ನಾನು ರಾತ್ರಿ ಜಿಐ ಬಕೆಟ್ಟಲ್ಲೇ ಮೈಲುತುತ್ತ ನೆನೆಹಾಕಿ ಮಲಗಿಬಿಟ್ಟೆ. ಬೆಳಗ್ಗೆ ನೋಡಿದ್ರೆ ಬಕೆಟ್ ಒಳಗೆಲ್ಲ ಕರಿಗೆಂಪು ಕೆಸರು, ಕೈ ಆಡಿಸಿದ್ರೆ ಪದರ ಪದರ ಕಿತ್ತು ಬರ್ತಿತ್ತು, ನೀಲಿ ಮಂಕಾಗಿತ್ತು, ತಳದ ಬೆಸುಗೆ ಹತ್ರ ಸೋರೋಕೂ ಶುರು. ಹತ್ತನೇ ಕ್ಲಾಸಲ್ಲಿದ್ದ ಮಗಳು ಬಗ್ಗಿ ನೋಡಿ "ಅಪ್ಪಾಜಿ, ಇದು ಸ್ಥಾನಪಲ್ಲಟ ಅಲ್ವಾ, ನಮ್ಗೆ ಕಬ್ಬಿಣದ ಮೊಳೆ ಹಾಕಿ ತೋರ್ಸಿದ್ರು" ಅಂದ್ಳು. ಬಕೆಟ್ಟಿಗೆ ಬಳಿದಿರೋ ಸತು, ಅದ್ರ ಕೆಳಗಿನ ಕಬ್ಬಿಣ, ಎರಡೂ ತಾಮ್ರಕ್ಕಿಂತ ಚುರುಕು, ತಾವು ಕರಗಿ ನೀರಿಗಿಳಿದು ತಾಮ್ರಾನ ಹೊರಗೆ ತಳ್ತವೆ. 1 ಕೆಜಿ ಮೈಲುತುತ್ತದಲ್ಲಿ ತಾಮ್ರ ಇರೋದೇ ಸುಮಾರು ಕಾಲು ಕೆಜಿ, ಕಾಯಿ ಮೇಲೆ ಕೂರಬೇಕಾದ್ದು ನನ್ನ ಬಕೆಟ್ಟಲ್ಲಿ ಕೂತಿತ್ತು.

ಈಗ ಅದನ್ನೇ ಪರೀಕ್ಷೆಗೆ ಇಟ್ಕೊಂಡಿದೀನಿ. ಮೈಲುತುತ್ತದ ನೀರನ್ನ ಸುಣ್ಣದ ನೀರಿಗೆ ನಿಧಾನಕ್ಕೆ ಹುಯ್ದು, ಕೋಲಲ್ಲಿ ಚೆನ್ನಾಗಿ ತಿರುವಿ, ಆಮೇಲೆ ಮರಳು ಕಾಗದದಲ್ಲಿ ಉಜ್ಜಿ ಬೆಳ್ಳಗೆ ಮಾಡಿದ ಕುಡುಗೋಲನ್ನ ಒಂದೆರಡು ನಿಮಿಷ ಅದ್ದೋದು. ಸುಣ್ಣ ಸಾಕಾಗಿದ್ರೆ ತಾಮ್ರವೆಲ್ಲ ನೀಲಿ ಗಸಿಯಾಗಿ ಕಟ್ಕೊಂಡಿರುತ್ತೆ, ಅಲಗಿಗೆ ಏನೂ ಹಿಡಿಯಲ್ಲ. ಹೋದ ವರ್ಷ ಅದ್ದಿ ಎತ್ತಿದ್ರೆ ಅಂಚಿನ ಗುಂಟ ಹೊಸ ತಾಮ್ರದ ಚೊಂಬಿನ ಬಣ್ಣ! ಸುಣ್ಣ ತೂಕ ಮಾಡೇ ಹಾಕಿದ್ದೆ, ಆದ್ರೆ ಚೀಲ ಬಾಯಿ ಬಿಚ್ಚಿ ತಿಂಗಳಾನುಗಟ್ಲೆ ಬಿದ್ದಿತ್ತು, ಗಾಳಿಗೆ ಬಿಟ್ಟ ಸುಣ್ಣ ಸೀಮೆಸುಣ್ಣದ ಜಾತಿಗೆ ಇಳಿದಿರುತ್ತೆ, ತೂಕ ಇರುತ್ತೆ ಕಸುವಿರಲ್ಲ. ಹೊಸ ಸುಣ್ಣ ತಂದು ಕಲಸಿ ಸ್ವಲ್ಪ ಸ್ವಲ್ಪ ಸೇರಿಸ್ತಾ, ಪ್ರತಿ ಸಲ ಅಲಗು ಉಜ್ಜಿ ಅದ್ದಿದೆ, ಮೂರನೇ ಸಲಕ್ಕೆ ಬೆಳ್ಳಗೇ ಬಂತು.

ನಮ್ ಚಿಕ್ಕಪ್ಪ ಅಡಿಗೆಮನೆ ಸ್ಟೀಲ್ ಚಾಕು ಅದ್ದಿ "ಏನೂ ಹಿಡಿದಿಲ್ಲ ಕಣೋ, ಹೊಡಿ ಹೊಡಿ" ಅಂತ ಹೊಡೆಸಿದ್ರು. ಸ್ಟೇನ್‌ಲೆಸ್ ಸ್ಟೀಲ್ ಮೇಲೆ ಕ್ರೋಮಿಯಂದೊಂದು ತೆಳು ಪೊರೆ ಇರುತ್ತಲ್ಲ, ಅದು ಒಳಗಿನ ಕಬ್ಬಿಣಾನ ದ್ರಾವಣಕ್ಕೆ ತಾಕಕ್ಕೇ ಬಿಡಲ್ಲ, ಹಿಡಿಯೋದೆಲ್ಲಿಂದ. ಸುಣ್ಣಕ್ಕೆ ಕಟ್ಕೊಳ್ದೆ ಉಳಿದ ತಾಮ್ರಕ್ಕೆ ಎಳೇ ಕಾಯಿ ಮೇಲೆಲ್ಲ ಸುಟ್ಟ ಚುಕ್ಕಿ ಬಿದ್ದಿತ್ತು ಅವ್ರ ತೋಟದಲ್ಲಿ. ಈಗ ಜೂನ್ ಬಂತು ಅಂದ್ರೆ ನಮ್ಮನೆಗೆ ಬಂದು ಕುಡುಗೋಲು ಇಸ್ಕೊಂಡು ಹೋಗ್ತಾರೆ.